ನಲವತ್ತೊಂದನೇ ಪುಟ

ಕಿಟಕಿಯ ಕಂಬಿಗೆ ಯಾರೋ ಒರೆಸಿದ ಸುಣ್ಣ, ಅದರಾಚೆ ದೇವಲಾಪುರದ ಹೊಲಗಳು, ಹಳದಿ ಹೂ, ಹುಚ್ಚೆಳ್ಳೇ ಇರಬೇಕು, ಕಂಡಕ್ಟರ್ ಎಲ್ಲಿಗೆ ಮೇಡಂ ಅಂದ, ನಾಗಮಂಗಲ ಅಂದೆ, ಅಲ್ಲಿಂದ ಕೆ.ಆರ್.ಪೇಟೆಗೆ ಇನ್ನೊಂದು ಬಸ್ಸು, ಮನೆ ಸೇರುವಷ್ಟರಲ್ಲಿ ಐದಾಗುತ್ತದೆ, ತೊಡೆಯ ಮೇಲಿನ ಬ್ಯಾಗಿನಲ್ಲಿ ಈ ತಿಂಗಳ ಪುಸ್ತಕಗಳು, ಒಂದು ಪತ್ತೇದಾರಿ, ಒಂದು ಪ್ರೇಮಕಥೆ, ಒಂದು ಚಂದ್ರನ ಮೇಲೆ ರಾಗಿ ಬೆಳೆಯುವವರ ಕಥೆ, ಮೂರೂ ಬರೆದವರೇ ಅಚ್ಚು ಹಾಕಿಸಿದವು, ಮೂರರ ಮೊದಲ ಪುಟದಲ್ಲೂ ಪ್ರಮೀಳಾ ಮೇಡಂ ಅವರಿಗೆ ಗೌರವಪೂರ್ವಕವಾಗಿ — ಪ್ರಕಾಶಕರು ಸಿಗದವರ ಪುಸ್ತಕಗಳಿಗೆಂದೇ ವಾರಪತ್ರಿಕೆಯಲ್ಲಿ ನನಗೊಂದು ಅಂಕಣ ಕೊಟ್ಟಿದ್ದಾರೆ, ಒಂದು ಸಲಕ್ಕೆ ನಾಲ್ಕು ಪುಸ್ತಕ, ಒಂದೊಂದಕ್ಕೆ ನೂರು ಪದ, ಕಾಲೇಜಿನಲ್ಲಿ ಕನ್ನಡ ಪಾಠ ಮುಗಿಸಿ ಸ್ಟಾಫ್ ರೂಮಿನಲ್ಲಿ ಕೂತು ಬರೆಯುತ್ತೇನೆ, ನಾನಲ್ಲದೆ ಇವರನ್ನ ಇನ್ಯಾರು ಓದ್ತಾರೆ ಹೇಳಿ ಅಂತ ಜೊತೆಯವರ ಮುಂದೆ ಹೆಮ್ಮೆಪಟ್ಟಿದ್ದೇನೆ, ಓದ್ತಾರೆ, ಓದ್ತೇನೆ, ಎಷ್ಟು ಸಲೀಸಾಗಿ ಬರುತ್ತದೆ ಆ ಮಾತು ಬಾಯಿಗೆ.

ಮೌನೇಶಾಚಾರ್ರ ಕಾದಂಬರಿ ಬಂದದ್ದು ಮೂರು ವರ್ಷದ ಹಿಂದೆ, ದೆವ್ವದ ಕಥೆ, ರಟ್ಟಿನ ಮೇಲೆ ಕೂದಲು ಕೆದರಿದ ಕೆಂಪುಗಣ್ಣಿನ ಹೆಂಗಸು, ನಾನು ಮರಗೆಲಸದವನು ತಾಯಿ, ತಪ್ಪಿದ್ದರೆ ತಿದ್ದಿ ಅಂತ ಒಂದು ಚೀಟಿ, ನಲವತ್ತು ಪುಟ ಓದಿದೆ, ಬರೀ ಮರ, ಯಾವ ಮರ ಎಷ್ಟು ದಿನ ಒಣಗಬೇಕು, ಯಾವ ಬಾಗಿಲಿಗೆ ಯಾವುದು, ದೆವ್ವವೇ ಇಲ್ಲ, ಆಮೇಲೆ ಕೊನೆಯ ಪುಟ ನೋಡಿದೆ, ಬರೆದೆ — ಈ ಕಾದಂಬರಿಯಲ್ಲಿ ದೆವ್ವ ಬರುವ ಹೊತ್ತಿಗೆ ಓದುಗನಿಗೆ ನಿದ್ದೆ ಬಂದಿರುತ್ತದೆ — ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಹೋದ ವಾರ ಕಾಲೇಜಿನ ಜಗಲಿ ಮೇಲೆ ಒಬ್ಬ ಹೆಂಗಸು, ನಾನು ಮೌನೇಶಾಚಾರ್ರ ಮನೆಯೋಳು, ಜಯಲಕ್ಷ್ಮಮ್ಮ, ಅವ್ರಿಗೆ ಲಕ್ವ ಒಡ್ದು ಆರು ತಿಂಗ್ಳಾಯ್ತು, ಬಲಗೈ ಏಳಲ್ಲ, ಇಂದ್ಲುದ್ದು ಒಂದೂ ಗ್ಯಾಪಕ ಇಲ್ಲ, ಡಾಕ್ಟ್ರು ಇಷ್ಟವಾದದ್ದ ಓದಿ ಕೇಳ್ಸಿ ಅಂದವ್ರೆ, ನಂಗೆ ಅಕ್ಸರ ಬರಲ್ಲ, ಆ ಪುಸ್ತಕ ಪೂರ್ತಿ ಓದಿರೋರು ನೀವೊಬ್ರೇ ಅಂತ ಯಾವಾಗ್ಲೂ ಯೋಳೋರು, ಒಂದ್ಸಲ ಬಂದು ಓದ್ತೀರಾ ಮೇಡಮ್ಮಾರೇ — ನಾನು ಆಗಲೇ ಹೇಳಬಹುದಿತ್ತು, ಹೇಳಲಿಲ್ಲ, ಮಂಗಳವಾರ ಬರ್ತೀನಿ ಅಂದೆ.

ಇವತ್ತು ಅವರ ಮನೆಯ ಗೋಡೆಯ ಮೇಲೆ ನನ್ನ ನೂರು ಪದ, ಪೇಪರ್ ಕತ್ತರಿಸಿ, ಗಾಜು ಹಾಕಿ, ತೇಗದ ಚೌಕಟ್ಟು, ಮೂಲೆ ಮೂಲೆಗೂ ಹೂವಿನ ಬಳ್ಳಿ ಕೆತ್ತಿ, ನೋಡಲಾಗಲಿಲ್ಲ ನನಗೆ, ಅವ್ರೇ ಮಾಡಿದ್ದು ಅಂದರು ಜಯಲಕ್ಷ್ಮಮ್ಮ, ಪೇಪರ್ ಬಂದ ದಿನ ಓದಿ ನಂಗೂ ಕೇಳ್ಸುದ್ರು, ನಗ್ತಾನೇ ಓದುದ್ರು, ಆಮೇಲೆ ಇನ್ನೊಂದು ಬರೀನೇ ಇಲ್ಲ. ಕಿಟಕಿ ಪಕ್ಕದ ಮಂಚದ ಮೇಲೆ ಅವರು, ಎಡಗೈ ಎತ್ತಿ ಬನ್ನಿ ಅಂದರು, ಯಾರು ಏನು ಅಂತ ಕೇಳಲಿಲ್ಲ, ನಾನು ನಲವತ್ತೊಂದನೇ ಪುಟ ತೆಗೆದೆ, ಅಲ್ಲಿಂದ ನನಗೂ ಹೊಸದು, ಮಧ್ಯಾಹ್ನ ಬಡಗಿ ಹಲಗೆ ಉಜ್ಜುತ್ತಾ ಇದ್ದಾನೆ, ಹಿಂದೆ ಯಾರೋ ಬಂದು ಕೂತ ಸದ್ದು, ಏಳು ವರ್ಷದ ಕೂಸು, ಜ್ವರ ಬಂದು ಸತ್ತ ಅವನದೇ ಮಗಳು, ಮರದ ಸಿಪ್ಪೆಯ ರಾಶಿ ಮೇಲೆ ಕೂತಿದ್ದಾಳೆ, ಸುರುಳಿ ಸಿಪ್ಪೆ ಕಿವಿಗೆ ಓಲೆಯ ಹಾಗೆ ಸಿಕ್ಕಿಸಿಕೊಳ್ಳುತ್ತಾಳೆ, ಅವನಿಗೆ ಗೊತ್ತು, ತಿರುಗಿ ನೋಡಿದರೆ ಹೋಗಿಬಿಡುತ್ತಾಳೆ, ನೋಡುವುದಿಲ್ಲ, ಉಂಡ್ಯಾ ಕೂಸೇ ಅಂತ ಹಲಗೆಯನ್ನೇ ಕೇಳುತ್ತಾನೆ, ದಿನಾ ಬರುತ್ತಾಳೆ, ದಿನಾ ಕೇಳುತ್ತಾನೆ, ಅವಳು ಹೋಗಬಾರದು ಅಂತ ಕೆಲಸ ನಿಲ್ಲಿಸುವುದಿಲ್ಲ, ಊರಿಗೆ ಬೇಡದ ಬಾಗಿಲುಗಳನ್ನೆಲ್ಲ ಮಾಡುತ್ತಾನೆ — ನಾನು ತಲೆ ಎತ್ತಿದೆ, ಜಯಲಕ್ಷ್ಮಮ್ಮ ಅವರೆಕಾಯಿ ಸುಲಿಯುವುದು ನಿಲ್ಲಿಸಿದ್ದರು, ಚಿನ್ನು, ಅಂದರು, ನಮ್ ಚಿನ್ನು ಇಂಗೇ ಸಿಕ್ಕುಸ್ಕೋತಿದ್ಲು, ಏನ್ ಬರೀತಿದೀರಿ ಅಂದ್ರೆ ಏನೋ ದೆವ್ವದ್ದು, ನಿಂಗ್ಯಾಕೆ ಅಂತಿದ್ರು, ಅವ್ಳು ತೀರ್ಕೊಂಡ ಈ ಹದಿನೆಂಟು ವರ್ಸದಲ್ಲಿ ಮಗೀನ ಎಸ್ರು ಒಂದಿನ ಎತ್ತುದೋರಲ್ಲ.

ಓದವ್ವ, ಅಂದರು ಅವರು ಮಂಚದಿಂದ, ಚೆನ್ನಾಗದೆ, ಯಾರ್ ಬರ್ದಿರೋದು, ನೀವೇ ಬರೆದದ್ದು ಅಂದೆ, ನಾನಾ, ಅಂತ ಎಡಗೈ ತಿರುಗಿಸಿ ತಿರುಗಿಸಿ ನೋಡಿಕೊಂಡರು, ನಕ್ಕರು, ನಾನು ಮರಗೆಲ್ಸದೋನು ಕಣವ್ವ, ತಮಾಸೆ ಮಾಡ್ಬೇಡ — ಆಮೇಲೆ, ಅಲ್ಲ, ಆ ಬಡಗಿ ಒಂದೇ ಒಂದ್ಸಲ ತಿರುಗಿ ನೋಡ್ಬಾರ್ದಾ, ಅಂದರು, ಜಯಲಕ್ಷ್ಮಮ್ಮ ಮೊರ ಬದಿಗಿಟ್ಟು ಎದ್ದು ಒಳಗೆ ಹೋದರು. ಬಸ್ಸಿನ ತನಕ ಬಂದರು ಆಕೆ, ಅಮ್ಮ, ನಾನು ಆ ಪುಸ್ತಕ ಪೂರ್ತಿ ಓದಿರಲಿಲ್ಲ, ಇವತ್ತೇ ಮೊದಲು, ಅಂದೆ, ಗೊತ್ತಾಯ್ತು ಬುಡಿ, ಓದಿದ್ರೆ ಅಂಗೆ ಬರೀತಿರ್ಲಿಲ್ಲ, ಅಂದರು, ಬಯ್ಯಲಿಲ್ಲ, ಮುಂದ್ಲ ಮಂಗ್ಳವಾರನೂ ಬನ್ನಿ, ಇನ್ನೂ ಅದೆಯಲ್ಲ, ನಂಗೆ ಪೂರ್ತಿ ಕೇಳ್ಬೇಕು, ಅಂದರು.

ಬರೆಯಬೇಕು, ಈ ವಾರವೇ, ನಾನು ತಪ್ಪು ಬರೆದಿದ್ದೆ ಅಂತ, ಬರೆದರೂ ಅವರಿಗೆ ಯಾರು ಓದಿ ಹೇಳುತ್ತಾರೆ ಇದು ನಿಮ್ಮದು ಅಂತ, ಹೇಳಿದರೂ ನಗುತ್ತಾರೆ, ಆದರೂ ಈ ಸಲದ ನಾಲ್ಕನೆಯ ಪುಸ್ತಕ ಇದೇ, ನೂರು ಪದ, ಮೊದಲ ವಾಕ್ಯ, ದೇವಲಾಪುರದ ಮೌನೇಶಾಚಾರ್ ಅವರ ಈ ಕಾದಂಬರಿಯಲ್ಲಿ, ಈ ಕಾದಂಬರಿಯಲ್ಲಿ ಒಂದು ಕೂಸು, ಸಿಪ್ಪೆಯ ರಾಶಿ ಮೇಲೆ ಕೂತಿದೆ, ಕಿವಿಗೆ ಮರದ ಸುರುಳಿ, ಹೇಗಿದೆ ನೋಡು ಅನ್ನುವ ಹಾಗೆ ಕತ್ತು ಓರೆ ಮಾಡಿದೆ, ಎದುರಿಗೆ ಅಪ್ಪನ ಬೆನ್ನು, ಅಪ್ಪನ ಬೆನ್ನು, ಕೂಸು ಕತ್ತು ಓರೆ ಮಾಡಿ ಕಾಯುತ್ತಿದೆ