ಸತ್ತ ಮೇಲೊಂದು ನಗು

ಹುತ್ತೂರಿನಲ್ಲಿ ಮುನಿಲಕ್ಷ್ಮಿಯ ಮುಖವನ್ನು ಸರಿಯಾಗಿ ನೋಡಿದವರು ಕಡಿಮೆ. ಬೆಳಗ್ಗೆ ತೋಟದಿಂದ ಬರುವಾಗ ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ, ಸಂಜೆ ಬರುವಾಗ ಇನ್ನೊಂದು ಹೊರೆ. ಸೊಪ್ಪು ಹಣೆಯಿಂದ ಗಲ್ಲದವರೆಗೆ ಇಳಿಬಿದ್ದಿರುತ್ತಿತ್ತು. ಎದುರಿಗೆ ಬಂದವರು ನಡಿಗೆ ನೋಡಿಯೇ ಇವಳು ಶಿವಕುಮಾರನ ಹೆಂಡತಿ ಎಂದು ಗುರುತು ಹಿಡಿಯಬೇಕಿತ್ತು. ಅಂಥವಳ ಮುಖ ಸಿನಿಮಾದಲ್ಲಿ ಬರುತ್ತದಂತೆ ಎಂಬ ಸುದ್ದಿ ಹಬ್ಬಿದಾಗ ಊರಿಗೆ ಊರೇ ಕಿವಿ ನಿಮಿರಿಸಿತು. ಸುದ್ದಿ ಹಬ್ಬಿಸಿದವಳು ಯಾರು ಎಂದು ಕೇಳಬೇಡಿ. ಅವಳೇ.

ಹೋಳೂರಿನ ಆಚೆ, ಬಂಡೆಗಳ ಬಯಲಿನಲ್ಲಿ, ‘ಕಾಲಕೋಟೆ’ ಎಂಬ ಸಿನಿಮಾಕ್ಕೆ ಮರ ಮತ್ತು ಥರ್ಮೋಕೋಲಿನ ಕೋಟೆ ಎದ್ದಿತ್ತು. ಕನ್ನಡ, ತೆಲುಗು ಎರಡರಲ್ಲೂ ತೆಗೆಯುತ್ತಿದ್ದರು. ಕೋಟೆ ಕಾಯುವುದು ಒಂದು ಹೆಣ್ಣುಪಡೆ; ಅದಕ್ಕೆ ಸಾವಿಲ್ಲವೆಂದು ದೇವಿ ವರ ಕೊಟ್ಟಿದ್ದಾಳೆ. ಶತ್ರುರಾಜ ಮೋಸದಿಂದ ಅಷ್ಟೂ ಜನರನ್ನು ಕೆಡವಿ, ಗೆದ್ದೆನೆಂದು ಬೀಗುತ್ತಾನೆ. ಅವನಿಗೆ ಗೊತ್ತಿಲ್ಲದ್ದು ಏನೆಂದರೆ, ಅವರು ಮತ್ತೆ ಏಳುತ್ತಾರೆ. ಈ ಪಡೆಗೆ ಎತ್ತರದ, ಬಂಡೆಯ ಮೇಲೆ ಬರಿಗಾಲಲ್ಲಿ ಓಡಬಲ್ಲ ಹೆಂಗಸರು ಬೇಕಾಗಿದ್ದರು. ಜನ ಒದಗಿಸುವ ಏಜೆಂಟು, ಮುಳಬಾಗಿಲಿನ ಸುರೇಶ್, ಹೊರೆ ಹೊತ್ತೇ ಕಾಲುವೆ ಹಾರಿದ ಮುನಿಲಕ್ಷ್ಮಿಯನ್ನು ನೋಡಿ ಬೈಕು ನಿಲ್ಲಿಸಿದ. ಸ್ಕೂಲಿನಲ್ಲಿ ಕಬಡ್ಡಿ ಆಡಿದವಳು ಅವಳು. ಗಂಡನನ್ನು ಕೇಳಿ ಹೇಳುತ್ತೇನೆ ಎನ್ನುವ ಶಾಸ್ತ್ರವನ್ನೂ ಮಾಡದೆ ಹೂಂ ಅಂದುಬಿಟ್ಟಳು.

ಮೊದಲೆರಡು ದಿನ ಕಬ್ಬಿಣದ ಬಣ್ಣ ಬಳಿದ ರಬ್ಬರು ಕತ್ತಿ ಹಿಡಿದು ಓಡಿದ್ದೇ ಓಡಿದ್ದು. ತಲೆಗೆ ಹಾಕಿದ ಶಿರಸ್ತ್ರಾಣ ಮೂಗಿನವರೆಗೆ ಇಳಿಯುತ್ತಿತ್ತು. ಇಲ್ಲೂ ಮುಖ ಮುಚ್ಚಿಯೇ ಹೋಯಿತಲ್ಲ ಎಂದು ಅವಳಿಗೆ ಬೇಜಾರಾಗಿತ್ತು. ಆದರೆ ಅವಳ ಕತ್ತಿಯ ಬೀಸು ನಿರ್ದೇಶಕ ವೇಣುಗೋಪಾಲರ ಕಣ್ಣಿಗೆ ಬಿತ್ತು. ಕೋಟೆಗೋಡೆ ಹತ್ತಿ, ಶಿರಸ್ತ್ರಾಣ ಕಿತ್ತೆಸೆದು, ಕ್ಯಾಮೆರಾ ನೋಡಿ ಗರ್ಜಿಸುವ ಶಾಟ್ ಒಂದಿದೆ, ಅದನ್ನು ನಾಡಿದ್ದು ನೀವೇ ಮಾಡಿ ಅಂದರು. ಮುಖ ದೊಡ್ಡದಾಗಿ ಬರುತ್ತದೆ ಎಂದೂ ಸೇರಿಸಿದರು. ಆ ರಾತ್ರಿ ಮುನಿಲಕ್ಷ್ಮಿ ಕನ್ನಡಿಯ ಮುಂದೆ ಗರ್ಜಿಸಿ ಗರ್ಜಿಸಿ, ಮಾಲೂರಿನ ಫ್ಯಾಕ್ಟರಿಯಿಂದ ದಣಿದು ಬಂದು ಮಲಗಿದ್ದ ಶಿವಕುಮಾರನನ್ನು ಎಬ್ಬಿಸಿಬಿಟ್ಟಳು. ಬೆಳಗಾಗುವುದರೊಳಗೆ ಪಕ್ಕದ ಮನೆಯ ಅಕ್ಕಯಮ್ಮನಿಗೂ ವಿಷಯ ಮುಟ್ಟಿತು. ಅಕ್ಕಯಮ್ಮನಿಗೆ ಮುಟ್ಟಿದರೆ ಊರಿಗೇ ಮುಟ್ಟಿದಂತೆ.

ಮಾರನೆಯ ದಿನ ಸಾಯುವ ದೃಶ್ಯ. ಅಂದೇ ಅತ್ತೆ ಕದಿರಮ್ಮ ಶೂಟಿಂಗ್ ನೋಡಲು ಬರುತ್ತೇನೆಂದು ಹಟ ಹಿಡಿದರು. ಹುಳುಗಳು ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಆ ಹೊತ್ತಿನಲ್ಲಿ ರೇಷ್ಮೆಹುಳು ಸೊಪ್ಪು ಮುಟ್ಟುವುದಿಲ್ಲವಾದ್ದರಿಂದ ಮನೆಯಲ್ಲಿ ಕೆಲಸವಿರಲಿಲ್ಲ. ಒಂದು ದಿನ ಮುಂಚೆ ಜ್ವರ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬುತ್ತಿಯಲ್ಲಿ ಮುದ್ದೆ, ಬಸ್ಸಾರು ಕಟ್ಟಿಕೊಂಡು ಕದಿರಮ್ಮ ಬಂದು ಬಂಡೆಯ ನೆರಳಿನಲ್ಲಿ ಕೂತರು. ಉದ್ದನೆ ಕೋಲಿನ ತುದಿಗೆ ತುಪ್ಪಟದ ಮೈಕು ಕಟ್ಟಿಕೊಂಡು ನಿಂತವನನ್ನು ನೋಡಿ, ಆ ಮೊಲವನ್ನು ಯಾಕಪ್ಪ ನೇತುಹಾಕಿದ್ದೀಯ ಎಂದು ವಿಚಾರಿಸಿಕೊಂಡರು. ಅವನು ನಕ್ಕು, ಇದು ಎಲ್ಲರ ಮಾತನ್ನೂ ಹಿಡಿಯುತ್ತದೆ ಅಜ್ಜಿ, ಸುಮ್ಮನಿರಿ ಅಂದ.

ಮೊದಲು ಹೀರೋಯಿನ್ ಸತ್ತಳು. ಎದೆಗೆ ಬಾಣ ನಾಟಿ, ಬಹಳ ಹೊತ್ತು ಮಾತಾಡಿ, ಕಣ್ಣು ಮುಚ್ಚಿದಳು. ಕಟ್ ಅಂದಮೇಲೂ ಕ್ಯಾಮೆರಾ ನಿಲ್ಲಲಿಲ್ಲ. ಅವಳು ಕಣ್ಣು ತೆರೆದು ಕ್ಯಾಮೆರಾ ನೋಡಿ ಚೆಂದವಾಗಿ ನಕ್ಕಳು, ಯಾರೋ ಬೂದುಗುಂಬಳ ಒಡೆದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಸಾವಿನ ದೃಶ್ಯ ತೆಗೆದ ಮೇಲೆ ನಗುವುದನ್ನೂ ತೆಗೆಯಬೇಕು, ಹಾಗೇ ಬಿಟ್ಟರೆ ಅಪಶಕುನ. ಅದು ಸಿನಿಮಾದವರ ನಂಬಿಕೆ. ಕದಿರಮ್ಮನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರ ಗಂಡ ಮುನಿರಾಮಪ್ಪ ಊರಿನ ಪೌರಾಣಿಕ ನಾಟಕಗಳಲ್ಲಿ ಖಾಯಂ ರಾಕ್ಷಸ. ಪ್ರತಿ ನಾಟಕದ ಕೊನೆಗೂ ಸಾಯಲೇಬೇಕು. ಪರದೆ ಬಿದ್ದ ಕೂಡಲೇ ಕದಿರಮ್ಮ ಆರತಿ ಹಿಡಿದು ಹೋಗುತ್ತಿದ್ದರು, ಆತ ದೀಪಕ್ಕೆ ಮುಖ ಕೊಟ್ಟು ಒಂದು ಸಲ ನಕ್ಕು ಎದ್ದು ಕೂರುತ್ತಿದ್ದರು. ಮುನಿಲಕ್ಷ್ಮಿ ಸೊಸೆಯಾಗಿ ಬರುವ ಹೊತ್ತಿಗೆ ಮಾವ ಗೋಡೆಯ ಮೇಲಿನ ಫೋಟೋ ಆಗಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ಪಡೆಯ ಸರದಿ ಬಂತು. ಮುನಿಲಕ್ಷ್ಮಿ ಓಡಿ ಬಂದು, ಈಟಿ ತಗುಲಿದಂತೆ ತಿರುಗಿ ಬಿದ್ದಳು. ಶಿರಸ್ತ್ರಾಣ ಉರುಳಿ ಹೋಯಿತು. ಮುಖಕ್ಕೆ ಬೂದಿ ಎರಚಿದರು. ಕಟ್ ಅಂದರು, ಕ್ಯಾಮೆರಾ ಎತ್ತಿಕೊಳ್ಳಲು ಹೊರಟರು. ಬಿದ್ದವರೆಲ್ಲ ಮೈ ಕೊಡವಿಕೊಂಡು ಏಳಬೇಕು, ಅಷ್ಟರಲ್ಲಿ ಬಯಲಿನ ನಟ್ಟನಡುವೆ ಬುತ್ತಿ ಹಿಡಿದ ಮುದುಕಿಯೊಬ್ಬಳು ಕ್ಯಾಮೆರಾಕ್ಕೆ ಅಡ್ಡ ನಿಂತಿದ್ದಳು.

“ನಮ್ ಹುಡ್ಗೀನ ನಗ್ಸಿ ಎಬ್ಬಿಸ್ರಪ್ಪ,” ಅಂದರು ಕದಿರಮ್ಮ. “ಸತ್ತಂಗೇ ಬಿಟ್ಟು ಹೋಗ್ಬಾರ್ದು.”

ಸುರೇಶ್ ಓಡಿ ಬಂದ. ಅದೆಲ್ಲ ದೊಡ್ಡ ಆರ್ಟಿಸ್ಟುಗಳಿಗೆ ಮಾತ್ರ, ಬೆಳಕು ಹೋಗ್ತಿದೆ, ಪದ ಪದ, ನಡಿ ಅವ್ವಾ ಎಂದು ತೆಲುಗು ಕನ್ನಡ ಬೆರೆಸಿ ಗೋಗರೆದ. ಕದಿರಮ್ಮ ಜಗ್ಗಲಿಲ್ಲ.

“ಆಯಮ್ಮಂದು ಜೀವ, ಇವಳದ್ದೇನು ಕಡ್ಲೆಕಾಯಿ ಸಿಪ್ಪೇನಾ? ನಮ್ಮನೆಯವರು ಸ್ಟೇಜ್ ಮೇಲೆ ಎಷ್ಟು ಸಲ ಸತ್ರೋ ಅಷ್ಟು ಸಲಾನೂ ನಕ್ಕೊಂಡೇ ಎದ್ರು. ಆಸ್ಪತ್ರೇಲಿ ಹೋದಾಗ ಮಾತ್ರ ಯಾರೂ ನಗಿಸ್ಲಿಲ್ಲ.”

ಆ ಕೊನೆಯ ಮಾತು ಕೇಳಿ ವೇಣುಗೋಪಾಲ್, ಬೇಗ ಮುಗಿಸಿ ಎಂದು ಕೈಯಾಡಿಸಿದರು. ಬಿದ್ದಲ್ಲೇ ಕಣ್ಣು ಮುಚ್ಚಿದ್ದ ಮುನಿಲಕ್ಷ್ಮಿಯ ಮುಖದ ಹತ್ತಿರ ಕ್ಯಾಮೆರಾ ಬಂತು. ಅವಳಿಗೋ ನಾಚಿಕೆ, ಸಿಟ್ಟು, ಅಳು ಎಲ್ಲ ಒಟ್ಟಿಗೇ. ಪಡೆಯ ಹೆಂಗಸರೆಲ್ಲ ನೋಡುತ್ತಿದ್ದಾರೆ, ನಾಳೆಯ ಶಾಟ್ ಏನಾಗುತ್ತದೋ ಗೊತ್ತಿಲ್ಲ. ನಗು ಎಲ್ಲಿಂದ ಬರಬೇಕು? ನಗಮ್ಮ ನಗಮ್ಮ ಎಂದು ಎಲ್ಲರೂ ಹೇಳಿದಷ್ಟೂ ಅವಳ ತುಟಿ ಬಿಗಿಯಿತು.

ಆಗ ಕ್ಯಾಮೆರಾ ಪಕ್ಕದಲ್ಲಿ, ಆ ಮೊಲದಂಥ ಮೈಕಿನ ಕೆಳಗೇ ನಿಂತಿದ್ದ ಕದಿರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಡನ ನಗು ನಕ್ಕರು. ಅದು ಮೊದಲು ಹೊಟ್ಟೆಯಲ್ಲಿ ಗುಡುಗುಟ್ಟಿತು. ನಡುವೆ ಒಂದು ಉಸಿರಿನಷ್ಟು ಹೊತ್ತು ನಿಂತುಹೋಯಿತು. ಮುಗಿಯಿತು ಅಂದುಕೊಳ್ಳುವಾಗ ಬಂಡೆ ಸೀಳಿದಂತೆ ಒಡೆದು ಬಂತು. ಬಯಲಿನ ಕಾಗೆಗಳೆಲ್ಲ ಹಾರಿದವು. ತನ್ನ ಮೊಳಕೈ ಎತ್ತರಕ್ಕಿದ್ದ ಅತ್ತೆಯ ಬಾಯಿಂದ ಅಂಥ ಸದ್ದು ಹೊರಟಿದ್ದನ್ನು ಕೇಳಿ ಮುನಿಲಕ್ಷ್ಮಿ ಬೆಚ್ಚಿ ಕಣ್ಣು ಬಿಟ್ಟಳು, ಮರುಕ್ಷಣ ಬೂದಿ ಮುಖದಲ್ಲಿ ಹಲ್ಲೆಲ್ಲ ಕಾಣುವಂತೆ ನಕ್ಕುಬಿಟ್ಟಳು.

ಅದರ ಬೆಲೆ ಆ ಸಂಜೆಯೇ ತೆರಬೇಕಾಯಿತು. ನಾಳೆಯಿಂದ ನೀವು ಬರೋದು ಬೇಡ ಎಂದ ಸುರೇಶ್. ಗೋಡೆ ಹತ್ತುವ ಶಾಟನ್ನು ಮುಳಬಾಗಿಲಿನ ಇನ್ನೊಬ್ಬಳಿಗೆ ಕೊಟ್ಟರು. ಮುನಿಲಕ್ಷ್ಮಿ ಮನೆಗೆ ಬಂದವಳೇ ಹುಳುಮನೆಯ ಬಾಗಿಲು ಹಾಕಿಕೊಂಡು ಅತ್ತಳು. ಅತ್ತೆಯನ್ನು ಬೈಯಲಿಲ್ಲ, ಬೈದಿದ್ದರೆ ಇಬ್ಬರಿಗೂ ಹಗುರಾಗುತ್ತಿತ್ತು. ಆಮೇಲೆ ತಿಂಗಳುಗಟ್ಟಲೆ ಅವರಿಬ್ಬರ ನಡುವೆ ಸೊಪ್ಪು ಬಂತಾ, ಊಟ ಆಯ್ತಾ ಎನ್ನುವಷ್ಟೇ ಮಾತು. ಊರಿನವರಿಗೆ ಶಾಟ್ ಕೈತಪ್ಪಿದ ಸಂಗತಿ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಹೇಳದೆ ಉಳಿಸಿಕೊಂಡದ್ದು ದಿನದಿಂದ ದಿನಕ್ಕೆ ಭಾರವಾಯಿತು.

ಸಿನಿಮಾ ಬಿಡುಗಡೆಯಾದಾಗ ಊರಿನವರು ಟೆಂಪೋ ಮಾಡಿಕೊಂಡು ಕೋಲಾರಕ್ಕೆ ಹೊರಟರು. ಅಕ್ಕಯಮ್ಮ ಮದುವೆಗೆ ಹೊರಟವಳಂತೆ ಹೂ ಮುಡಿದಿದ್ದಳು. ಮುನಿರಾಮಪ್ಪನ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದ ಮುದುಕ ಸುಬ್ಬರಾಯಪ್ಪನವರನ್ನೂ ಕೈಹಿಡಿದು ಹತ್ತಿಸಿದರು. ಕದಿರಮ್ಮ ರೇಷ್ಮೆ ಸೀರೆ ಉಟ್ಟು ಮೂಲೆಯಲ್ಲಿ ಕೂತರು. ಮುನಿಲಕ್ಷ್ಮಿಗೆ ದಾರಿಯುದ್ದಕ್ಕೂ ಟೆಂಪೋ ಕೆಟ್ಟು ನಿಲ್ಲಬಾರದೇ ಎನ್ನಿಸುತ್ತಿತ್ತು.

ಮ್ಯಾಟಿನಿ ಶುರುವಾಯಿತು. ಏನು ಧೂಳು, ಏನು ಕತ್ತಿ, ಏನು ಬೆಂಕಿ! ನಮ್ಮ ಹೋಳೂರಿನ ಬಂಡೆಗಳೇ ಇವು ಎಂದು ನಂಬಲಾಗದಷ್ಟು ಎತ್ತರಕ್ಕೆ ಕೋಟೆ ನಿಂತಿತ್ತು. ಪಡೆ ನುಗ್ಗಿದಾಗಲೆಲ್ಲ ಊರಿನವರು ಸೀಟಿನ ತುದಿಗೆ ಬಂದು ಹುಡುಕಿದರು. ಕಂಡದ್ದು ಸಾಲುಸಾಲು ಶಿರಸ್ತ್ರಾಣ. ಗೋಡೆ ಹತ್ತುವ ದೃಶ್ಯ ಬಂತು. ಮುಳಬಾಗಿಲಿನವಳು ಶಿರಸ್ತ್ರಾಣ ಕಿತ್ತೆಸೆದು ಗರ್ಜಿಸಿದಳು, ಥಿಯೇಟರು ಸೀಟಿ ಹೊಡೆಯಿತು. ಹುತ್ತೂರಿನವರ ಸಾಲು ಮಾತ್ರ ತಣ್ಣಗಿತ್ತು. ಈಟಿ ತಗುಲಿ ಒಬ್ಬಳು ತಿರುಗಿ ಬಿದ್ದಾಗ, ಇವಳೇ ಇರಬೇಕು, ಬೆನ್ನು ನಿನ್ನ ಹಾಗೇ ಇದೆ ಎಂದಳು ಅಕ್ಕಯಮ್ಮ. ಅವಳು ಕುಹಕಕ್ಕೆ ಹೇಳಿರಲಿಲ್ಲ, ಅದೇ ಇನ್ನೂ ಚುಚ್ಚಿತು.

ಇಂಟರ್ವಲ್ಲಿನಲ್ಲಿ ಮುನಿಲಕ್ಷ್ಮಿ ಏಳಲಿಲ್ಲ. ಶಿವಕುಮಾರ ತಂದ ಸಮೋಸ ಕೈಯಲ್ಲೇ ಆರಿತು. ಮನೆಗೆ ಹೋಗಿಬಿಡೋಣ ಎಂದು ಅವನ ಕಿವಿಯಲ್ಲಿ ಹೇಳಿದಳು. ಟೆಂಪೋದವನು ಊಟಕ್ಕೆ ಹೋಗಿದ್ದಾನೆ ಅಂದ ಅವನು.

ದ್ವಿತೀಯಾರ್ಧದಲ್ಲಿ ಶತ್ರುರಾಜ ಹೆಣಗಳ ನಡುವೆ ಕುದುರೆ ನಡೆಸುತ್ತ ಬಂದ. ಸಾವಿಲ್ಲದವರು ಎಲ್ಲಿ, ಏಳಿ ನೋಡೋಣ ಎಂದು ಅಣಕಿಸಿದ. ಪರದೆ ಕಪ್ಪಾಯಿತು. ಸಂಗೀತ ನಿಂತಿತು. ಥಿಯೇಟರಿನಲ್ಲಿ ಫ್ಯಾನಿನ ಸದ್ದು ಮಾತ್ರ.

ಆ ಕತ್ತಲೆಯಲ್ಲಿ ಎಲ್ಲೋ ದೂರದಿಂದ ಹೊಟ್ಟೆಯೊಳಗಿನ ಗುಡುಗು ಕೇಳಿತು. ಆ ಮೊಲದಂಥ ಮೈಕು ಅಂದು ಹಿಡಿದಿಟ್ಟದ್ದು ಏನೆಂದು ಮುನಿಲಕ್ಷ್ಮಿಗೆ ಹೊಳೆಯಿತು. ನಗು ನಡುವೆ ಒಂದು ಉಸಿರಿನಷ್ಟು ನಿಂತಿತು. ಅದೇ ಉಸಿರಿನಲ್ಲಿ ಹಿಂದಿನ ಸಾಲಿನಿಂದ ಹಾರ್ಮೋನಿಯಂ ಸುಬ್ಬರಾಯಪ್ಪ ಕೋಲೂರಿ ಎದ್ದು ನಿಂತು, “ಇದು ನಮ್ ಮುನಿರಾಮಪ್ಪ ಕಣ್ರೋ” ಅಂದರು. ನಗು ಒಡೆಯಿತು. ಅದು ಗೋಡೆಯಿಂದ ಗೋಡೆಗೆ ಬಡಿಯಿತು, ರಾಜನ ಕುದುರೆ ಹಿಂದಡಿಯಿಟ್ಟಿತು, ಮತ್ತು ಪರದೆಯ ತುಂಬ, ಈ ತುದಿಯಿಂದ ಆ ತುದಿಯವರೆಗೆ, ಬೂದಿ ಮೆತ್ತಿದ ಒಂದು ಮುಖ ಕಣ್ಣು ತೆರೆಯಿತು. ಬೆಚ್ಚಿತು. ಹಲ್ಲೆಲ್ಲ ಕಾಣುವಂತೆ ನಕ್ಕಿತು.

ಅವಳ ಹಿಂದೆ ಸತ್ತವರೆಲ್ಲ ಎದ್ದರು, ಆದರೆ ಹುತ್ತೂರಿನವರು ಅದನ್ನು ನೋಡಲೇ ಇಲ್ಲ. ಅವರು ತಮ್ಮ ಸೀಟುಗಳ ಮೇಲೆ ಹತ್ತಿ ನಿಂತಿದ್ದರು. ಅಕ್ಕಯಮ್ಮ ಮುಡಿದ ಹೂವನ್ನೇ ಕಿತ್ತು ಪರದೆಯ ಕಡೆ ಎಸೆದಳು. ಮುಂದಿನ ಸಾಲಿನ, ಗುರುತೇ ಇಲ್ಲದ ಜನ ತಿರುಗಿ ಇವಳೇನಾ, ಇವಳೇನಾ ಎಂದು ಕೇಳಿ ಮುನಿಲಕ್ಷ್ಮಿಯ ಮುಖ ನೋಡಿದರು. ಶಿವಕುಮಾರ ಸೀಟಿ ಹೊಡೆಯಲು ಹೋಗಿ, ಬಾಯಲ್ಲಿ ಬೆರಳಿಟ್ಟುಕೊಂಡೇ ಅತ್ತ. ಅಪ್ಪನ ನಗುವನ್ನು ಅವನು ಹುಡುಗನಾಗಿದ್ದಾಗ ಕೇಳಿದ್ದೇ ಕೊನೆ.

ಮುನಿಲಕ್ಷ್ಮಿಗೆ ಕುಣಿಯಬೇಕು ಎನ್ನಿಸಿತು, ಅತ್ತೆಯ ಕಾಲಿಗೆ ಬೀಳಬೇಕು ಎಂದೂ ಅನ್ನಿಸಿತು. ಅಷ್ಟು ತಿಂಗಳ ಮುನಿಸು ನೆನೆದು ಸಂಕಟವೂ ಆಯಿತು. ಕದಿರಮ್ಮ ಮಾತ್ರ ಎದ್ದಿರಲಿಲ್ಲ. ಸೊಸೆಯ ಕೆನ್ನೆ ಸವರಿ, ತಮ್ಮ ಕಣತಲೆಗೆ ಬೆರಳೊತ್ತಿ ನೆಟಿಗೆ ಮುರಿದರು.

“ಮುಖ ನಿಂದು ಕಣೇ,” ಅಂದರು. “ನಗು ನಿಮ್ಮ ಮಾವಂದು. ಎದ್ದು ಬಂದ್ರು ನೋಡು.”

ಸಿನಿಮಾ ಬಿಟ್ಟಾಗ ಎಲ್ಲರೂ ಟೆಂಪೋ ಹತ್ತಿದರು. ಕದಿರಮ್ಮ ಥಿಯೇಟರಿನ ಮೆಟ್ಟಿಲ ಮೇಲೆಯೇ ನಿಂತಿದ್ದರು. ಏನು ಎಂದು ಕೇಳಿದಳು ಮುನಿಲಕ್ಷ್ಮಿ. ಅವರು ಚಿಕ್ಕ ಹುಡುಗಿಯ ಹಾಗೆ ಸೆರಗು ತಿರುಚುತ್ತ, “ಇನ್ನೊಂದ್ಸಲ ಕೇಳ್ಬೇಕಿತ್ತು” ಅಂದರು. ಹುಳುಗಳಿಗೆ ಸಂಜೆಯ ಸೊಪ್ಪು ಹಾಕುವವರು ಯಾರು ಎಂಬ ಪ್ರಶ್ನೆ ಬಂತು. ಮುನಿಲಕ್ಷ್ಮಿ ಗಂಡನ ಕಡೆ ನೋಡಿದಳು. ಆ ಸಂಜೆ ಹುತ್ತೂರಿನ ಬೀದಿಯಲ್ಲಿ ಸೊಪ್ಪಿನ ಹೊರೆಯಡಿ ಮುಖ ಕಾಣದೆ ನಡೆದವನು ಶಿವಕುಮಾರ.

ಸಂಜೆಯ ಫಸ್ಟ್ ಶೋದಲ್ಲಿ ಮತ್ತೆ ಪರದೆ ಕಪ್ಪಾಯಿತು, ಮತ್ತೆ ಗುಡುಗು ಎದ್ದಿತು. ಕದಿರಮ್ಮ ಸೊಸೆಯ ಕೈ ಹಿಡಿದುಕೊಂಡು, ನಗು ನಿಲ್ಲುವ ಆ ಒಂದು ಉಸಿರನ್ನು ತಾವೂ ಬಿಗಿಹಿಡಿದರು. ತನ್ನ ಮುಖ ಪರದೆ ತುಂಬ ಬೆಳಗಿದಾಗ ಮುನಿಲಕ್ಷ್ಮಿ ಅದನ್ನು ನೋಡಲಿಲ್ಲ. ಆ ಬೆಳಕಿನಲ್ಲಿ ಅತ್ತೆಯ ಮುಖ ನೋಡುತ್ತಿದ್ದಳು.