ಎಜೆಲ್ ಮಾವನ ಹೆಬ್ಬೆರಳು

ತಂಬಾಕಿನ ಎಲೆ ಮುರಿದ ಕೈಗೆ ಹತ್ತುವ ಅಂಟು ಸೋಪಿಗೆ ಜಗ್ಗುವುದಿಲ್ಲ. ಶನಿವಾರ ಸಂಜೆ ರುತೀನಿಯಾ ಹಿತ್ತಿಲಲ್ಲಿ ಕುಳಿತು ಹಸಿ ಟೊಮೇಟೊ ಹಿಂಡಿ ಬೆರಳುಗಳನ್ನು ಉಜ್ಜಿದಳು. ಬಲಗೈಯ ಹೆಬ್ಬೆರಳನ್ನು ಮೂರು ಸಲ ಉಜ್ಜಿದಳು. ಐವತ್ತಾರರ ಹೆಂಗಸು, ಎದೆ ಮಾತ್ರ ಮದುವೆಯ ಹಿಂದಿನ ದಿನದಂತೆ ಹೊಡೆದುಕೊಳ್ಳುತ್ತಿತ್ತು. ನಾಳೆ ಹಿಕರಿ ದಿಣ್ಣೆಯ ಚರ್ಚಿನಲ್ಲಿ ಅವಳು ಗಿಟಾರ್ ನುಡಿಸುವವಳಿದ್ದಳು.

ಗಿಟಾರ್ ಅವಳ ಸೋದರಮಾವ ಎಜೆಲ್‌ನದು. ಹುಟ್ಟುಕುರುಡ. ಅಮೆರಿಕದ ಕೆರೊಲಿನಾದ ಕೆಮ್ಮಣ್ಣಿನ ಸೀಮೆಯ ಪಟ್ಟಣದಲ್ಲಿ, ತಂಬಾಕು ಹರಾಜುಕಟ್ಟೆಯ ಎದುರು, ಮೂವತ್ತು ವರ್ಷ ಬೀದಿಬದಿಯಲ್ಲಿ ಕುಳಿತು ನುಡಿಸಿದವನು. ಬೀದಿಯ ಪ್ರೇಮ-ಸಂಕಟದ ಹಾಡಾದ ಬ್ಲೂಸನ್ನೂ ದೇವರ ಹಾಡನ್ನೂ ಅದೇ ಆರು ತಂತಿಗಳ ಮೇಲೆ. ಚರ್ಚಿನ ಸಭೆಯ ಹಿರಿಯರಿಗೆ ಬ್ಲೂಸ್ ಎಂದರೆ ಸೈತಾನನ ಹಾಡು, ಗಿಟಾರ್ ಎಂದರೆ ಅವನ ಪೆಟ್ಟಿಗೆ. ಹಾಗಾಗಿ ಎಜೆಲ್‌ಗೆ ಚರ್ಚಿನಲ್ಲಿ ಬೆಂಚು ಸಿಕ್ಕಿತು, ಗಿಟಾರಿಗೆ ಸಿಗಲಿಲ್ಲ. ಅವನು ಸತ್ತು ಒಂಬತ್ತು ವರ್ಷ. ಅವನ ಕೈಚಳಕ ಬಲ್ಲವಳು ಈಗ ರುತೀನಿಯಾ ಒಬ್ಬಳೇ. ಸಭೆಯ ಕಿವಿಗೆ ಒಮ್ಮೆ ಬಿದ್ದರೆ ಯಾರಾದರೂ ಕಲಿಯಲು ಬಂದಾರು; ಇಲ್ಲವಾದರೆ ತನ್ನ ಜೊತೆಗೇ ಮಣ್ಣಾಗುತ್ತದೆ ಎಂಬುದು ಅವಳ ಚಿಂತೆ.

ಆ ಹಿರಿಯರಲ್ಲೊಬ್ಬರಾದ ಡೀಕನ್ ಲಾಂಜೊ ಒಪ್ಪಿದ್ದು ಎರಡು ವರ್ಷ ಕಾಡಿದ ಮೇಲೆ.

"ಒಂದೇ ಹಾಡು, ರುತೀನಿಯಾ. ಅದೂ ದೇವರದು. ಬೀದಿದು ಒಂದು ಚೂರು ನುಸುಳ್ತೋ, ಆ ಪೆಟ್ಟಿಗೆ ಮತ್ತೆ ಒಳಗೆ ಬರೋ ಹಾಗಿಲ್ಲ."

"ನುಸುಳೋಕೆ ಅದೇನು ಇಲೀನಾ ಡೀಕನ್?"

"ನಿಮ್ಮ ಮಾವನ ಕೈಯಲ್ಲಿ ಇಲಿಗಿಂತ ಚುರುಕಾಗಿತ್ತು."

ಆಗಸ್ಟಿನ ಆ ಭಾನುವಾರ, ಊರು ಬಿಟ್ಟು ಬಡಗಣ ಪಟ್ಟಣಗಳಿಗೆ ಹೋದವರೆಲ್ಲ ತಿರುಗಿ ಬರುವ ದಿನ. ಬೆಂಚುಗಳು ತುಂಬಿ ಗಂಡಸರು ಗೋಡೆಗೆ ಒರಗಿದ್ದರು. ಬೀಸಣಿಗೆಗಳು ಆಡುತ್ತಿದ್ದವು. ರುತೀನಿಯಾ ಕುರ್ಚಿಯ ತುದಿಯಲ್ಲಿ ಕುಳಿತಳು. ಹೆಬ್ಬೆರಳು ದಪ್ಪ ತಂತಿಗಳ ಮೇಲೆ, ಉಳುವ ಪ್ರಾಣಿಯ ಹೆಜ್ಜೆಯಂತೆ ಒಂದೇ ಸಮನೆ ನಡೆಯತೊಡಗಿತು. ಉಳಿದ ಬೆರಳುಗಳು 'ಹೊಳೆ ದಾಟಿಸು ತಂದೆ' ಎತ್ತಿಕೊಂಡವು. ಮೊದಲ ಚರಣಕ್ಕೆ ಒಂದೆರಡು ಆಮೆನ್ ಬಿದ್ದವು. ಎರಡನೆಯದಕ್ಕೆ ಚಪ್ಪಾಳೆ ಕೂಡಿತು. ಅವಳಿಗೆ ರೆಕ್ಕೆ ಬಂದಂತಾಯಿತು. ಆ ಹುರುಪಿನಲ್ಲಿ ಬೆರಳುಗಳು ಅವಳನ್ನು ಕೇಳದೆ ಹೊರಳಿಕೊಂಡವು. ನಾಲ್ಕು ತಾಳ ಕಳೆದ ಮೇಲೆ ತಿಳಿಯಿತು: ತಾನು ನುಡಿಸುತ್ತಿರುವುದು 'ಕದ ತೆಗೆಯೇ ಕೋರಾ', ಮಾವನ ಬೀದಿಯ ಬ್ಲೂಸ್.

ಅವಳು ಕಲಿತ ರೀತಿಯೇ ಹಾಗಿತ್ತು. ಎಜೆಲ್‌ಗೆ ಎರಡೂ ಒಂದೇ ದಾರದಲ್ಲಿ ಪೋಣಿಸಿದ ಹಾಡುಗಳು. ಚರ್ಚಿನ ಹೆಂಗಸರ ಗಂಜಿ ಹಾಕಿದ ಲಂಗದ ಸರಬರ ಕೇಳಿದರೆ ದೇವರು. ಅವರು ಮೂಲೆ ತಿರುಗಿದೊಡನೆ ಕೋರಾ. ನಡುವೆ ಹೆಬ್ಬೆರಳು ಒಂದು ಪೆಟ್ಟೂ ತಪ್ಪುತ್ತಿರಲಿಲ್ಲ.

ಹಿಂದಿರುಗುವ ದಾರಿ ಅವಳ ಬೆರಳಿಗೆ ಸಿಗಲಿಲ್ಲ. ಮುಂದಿನ ಬೆಂಚಿನ ಮುದುಕಿ ಕ್ಲಿಯೋಟಾಳ ಬೀಸಣಿಗೆ ನಿಂತಿತು.

"ಅಯ್ಯೋ ನನ್ನಪ್ಪ, ಎಜೆಲ್ ಬಂದ," ಎಂದಳು.

ಗೋಡೆಯ ಬಳಿ ಯಾರೋ ಕೆಮ್ಮಿದಂತೆ ನಕ್ಕರು. ಡೀಕನ್ ಲಾಂಜೊ ಎದ್ದರು. ನೇರ ಅವಳ ಕಡೆಗೇ ಬಂದರು. ಎಲ್ಲ ಮುಗಿಯಿತು ಎಂದುಕೊಂಡಳು. ಹೆಬ್ಬೆರಳನ್ನು ಮಾತ್ರ ನಿಲ್ಲಿಸಲಿಲ್ಲ.

ಡೀಕನ್ ಗಿಟಾರಿಗೆ ಕೈ ಹಾಕಲಿಲ್ಲ. ಪಕ್ಕದಲ್ಲಿ ನಿಂತು, ಕಣ್ಣು ಮುಚ್ಚಿ, ಒಂದು ಸುತ್ತು ಕಾದರು. ಕೋರಾಳ ಸಾಲು ಮುಗಿದು ಉಸಿರೆಳೆಯುವ ಕೂದಲೆಳೆಯಷ್ಟು ಜಾಗದಲ್ಲಿ, ಹಾಡುಪುಸ್ತಕವಿಲ್ಲದ ಕಾಲದಿಂದ ಡೀಕನ್‌ಗಳು ಮಾಡುತ್ತ ಬಂದ ಹಾಗೆ, ಸಾಲನ್ನು ಎತ್ತಿಕೊಟ್ಟರು.

"ಹೊಳೆ ದಾಟಿಸು ತಂದೆ, ನೀರು ಏರುತಲಿದೆ..."

ಸಭೆ ಅದನ್ನೇ ಎಳೆದೆಳೆದು ಹಾಡಿತು. ರುತೀನಿಯಾಳ ಬೆರಳುಗಳು ಆ ದನಿ ಹಿಡಿದು ದಡ ಮುಟ್ಟಿದವು. ಡೀಕನ್ ಮತ್ತೊಂದು ಸಾಲು ಕೊಟ್ಟರು, ಮತ್ತೊಂದು. ನೆಲದ ಹಲಗೆಗಳು ಕಾಲುಗಳಡಿ ಗುಡುಗಿದವು. ಕ್ಲಿಯೋಟಾ ಎದ್ದು ನಿಂತು ಎರಡೂ ಕೈ ಮೇಲೆತ್ತಿದಳು. ಐದು ಚರಣದ ಹಾಡು ಹನ್ನೊಂದಾಯಿತು.

ಆರಾಧನೆ ಮುಗಿದು ಓಕ್ ಮರದಡಿ ಊಟಕ್ಕೆ ನಿಂತಾಗ ಅವಳು ತಟ್ಟೆ ಹಿಡಿದು ಡೀಕನ್ ಪಕ್ಕಕ್ಕೆ ಸರಿದಳು.

"ಡೀಕನ್, ಆ ಜಾಗ ನಿಮಗೆ ಹೇಗೆ ಸಿಕ್ತು? ಅಲ್ಲಿ ಸೂಜಿ ತೂರೋದೂ ಕಷ್ಟ."

"ತಂಬಾಕು ಮಾರೋಕೆ ಪಟ್ಟಣಕ್ಕೆ ಹೋಗ್ತಿದ್ದೆ ನಾನು."

"ಮಾರಾಟ ಅರ್ಧ ಗಂಟೇಲಿ ಮುಗೀತಿತ್ತು," ಎಂದಳು ಅವರ ಹೆಂಡತಿ ವರ್ಡೆಲ್, ಸೊಪ್ಪು ಬಡಿಸುತ್ತ. "ಮನೆಗೆ ಬರೋದು ಮಾತ್ರ ಸಂಜೆ. ಹೇಸರಗತ್ತೆ ಕುಂಟ್ತಿತ್ತು ಅಂತಿದ್ರು."

"ಕುಂಟ್ತಿತ್ತು."

"ಪ್ರತಿ ವರ್ಷಾನೂ?"

ಡೀಕನ್ ಕರಿದ ಕೋಳಿಯ ಕಡೆ ಗಮನ ಕೊಟ್ಟರು. "ಬರೋ ಭಾನುವಾರ ಒಂಚೂರು ನಿಧಾನ ನುಡಿಸು," ಎಂದರು. "ಮುದುಕರಿಗೆ ಉಸಿರು ಸಾಲಲ್ಲ."

ವರ್ಡೆಲ್ ಸೌಟು ಬಿಟ್ಟು, ಏಪ್ರನ್‌ಗೆ ಕೈ ಒರೆಸಿಕೊಂಡು ರುತೀನಿಯಾಳ ಎದುರಿಗೆ ಬಂದಳು.

"ಅರವತ್ತಾಯ್ತು ನಂಗೆ. ಈಗ ಗಿಟಾರ್ ಕಲಿಯೋಕೆ ಬೆರಳು ಬಗ್ಗುತ್ತಾ?"

"ಬಗ್ಗದಿದ್ರೆ ಬಗ್ಗಿಸೋಣ ಅಕ್ಕ."

"ಹಂಗಾದ್ರೆ ತಾ ಅದನ್ನ. ನಾಳೆ ಅನ್ನಬೇಡ."

ರುತೀನಿಯಾ ತುಂಬಿದ ತಟ್ಟೆಯನ್ನು ಹುಲ್ಲಿನ ಮೇಲಿಟ್ಟು ಚರ್ಚಿನ ಬಾಗಿಲ ಕಡೆ ಓಡಿದಳು.