ಗೋಡೆಯ ಮೇಲಿನ ಚಪ್ಪಟೆ ರಾಣಿ

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗುವವರು ನಗಲಿ, ನನ್ನ ಮಗಳ ಕೈ ಮಾತ್ರ ಚಿನ್ನ. ಕಂಪ್ಯೂಟರಿಗೆ ಹದಿನಾರೇ ಬಣ್ಣ ಇದ್ದ ಕಾಲದಲ್ಲಿ ಒಂದು ಸಾಹಸದ ಗೇಮಿಗೆ ಚಿತ್ರಗಳನ್ನೆಲ್ಲ ಬರೆದವಳು ಅವಳೇ. ಆಡುವವರು "ಬಾಗಿಲು ತೆರೆ", "ದೀಪ ತಗೋ" ಎಂದು ಟೈಪ್ ಮಾಡುತ್ತ ಹಾಳು ಕೋಟೆಯೊಳಗೆ ನುಗ್ಗಿ, ಸೆರೆಯಲ್ಲಿರುವ ರಾಣಿಯನ್ನು ಬಿಡಿಸಬೇಕು. ಆ ರಾಣಿ ನಾನೇ. ಅಡುಗೆಮನೆಯ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ, ಅಲ್ಲಾಡಬೇಡ ಎಂದು ಗದರಿಸಿ ಬರೆದುಕೊಂಡಿದ್ದಳು. ಗೇಮು ಚೆನ್ನಾಗಿಯೇ ಮಾರಾಟವಾಯಿತು. ಡಬ್ಬಿಯ ಮೇಲೆ ಅವಳ ಹೆಸರೊಂದು ಇರಲಿಲ್ಲ.

ಈಗ ಹಳೆಯ ಗೇಮುಗಳ ಪ್ರದರ್ಶನ ಮಾಡುತ್ತಾರಂತೆ. ಹೊಸ ಕಂಪ್ಯೂಟರಿನಲ್ಲಿ ಆಡಿ, ರೆಕಾರ್ಡ್ ಮಾಡಿ, ಗೋಡೆಯ ದೊಡ್ಡ ಸ್ಕ್ರೀನುಗಳಲ್ಲಿ ತೋರಿಸುವುದು. ಪ್ರತಿಯೊಂದರ ಕೆಳಗೂ ಚಿತ್ರ ಬರೆದವರ ಹೆಸರಿನ ಫಲಕ. ಕೊನೆಗೂ! ಒಂದು ವಾರ ಮುಂಚೆ ನೋಡಿ ಹೋಗಿ ಎಂದು ಕರೆದರು. ನಾನೂ ಒಳ್ಳೆಯ ಬಟ್ಟೆ ಹಾಕಿಕೊಂಡು ಮಗಳ ಜೊತೆ ಹೊರಟೆ.

ಸ್ಕ್ರೀನ್ ನೋಡಿದ್ದೇ ಮೈಯೆಲ್ಲ ಉರಿದುಹೋಯಿತು. ರಾಣಿಯ ತಲೆಯ ಮೇಲೆ ಯಾರೋ ಕೂತು ಎದ್ದ ಹಾಗಿತ್ತು. ಮುಖ ಅಗಲ, ಕುತ್ತಿಗೆ ಮಾಯ.

"ಏನಪ್ಪಾ ಇದು?"

"ಮೂಲದಲ್ಲಿ ಇರೋದೇ ಹೀಗಮ್ಮ. ನಾವು ಒಂದು ಚುಕ್ಕೇನೂ ಮುಟ್ಟಿಲ್ಲ," ಎಂದ ಪ್ರದರ್ಶನದ ಮೇಲ್ವಿಚಾರಕ. ಒಳ್ಳೆಯ ಮನುಷ್ಯನೇ, ಗೌರವದಿಂದಲೇ ಹೇಳಿದ.

"ಮೂಲ ನಾನು ಕಣಪ್ಪಾ! ನನ್ನ ಮುಖ ನೋಡು, ಅದನ್ನ ನೋಡು!"

ಅವನು ಎರಡನ್ನೂ ನೋಡಿದ. "ಹೋಲಿಕೆ ಇದೆಯಲ್ಲಮ್ಮ," ಎಂದ.

ಇಷ್ಟು ವರ್ಷಗಳಲ್ಲಿ ನಾನೂ ಸ್ವಲ್ಪ ಅಗಲವಾಗಿದ್ದೇನೆ, ಸುಳ್ಳೇಕೆ ಹೇಳಲಿ. ಮಗಳು ಮುಸಿಮುಸಿ ನಕ್ಕಳು. ನನಗೆ ನಗು ಬರಲಿಲ್ಲ. ನೋಡಲು ಬಂದವರು ಫಲಕ ಓದಿ, ಇವಳಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ ಎಂದುಕೊಂಡರೆ? ಅದಕ್ಕಿಂತ ಹೆಸರು ಇಲ್ಲದೇ ಇದ್ದದ್ದೇ ವಾಸಿ.

"ಹೇಳೇ! ಬಾಯಿಗೆ ಬೀಗ ಹಾಕ್ಕೊಂಡಿದ್ದೀಯಾ?"

"ಹೋಗ್ಲಿ ಬಿಡಮ್ಮ," ಎಂದಳು. ಡಬ್ಬಿಯ ಮೇಲೆ ಹೆಸರು ಹಾಕದಿದ್ದಾಗಲೂ ಇದನ್ನೇ ಅಂದಿದ್ದಳು, ಮಹಾತಾಯಿ.

"ನೀನು ಬಿಡು. ನಾನಂತೂ ಇದು ಸರಿಯಾಗೋ ತನಕ ಇಲ್ಲಿಂದ ಕದಲಲ್ಲ."

ಅವಳು ನನ್ನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ರೆಕಾರ್ಡ್ ಮಾಡಲು ಅಲ್ಲೇ ಇಟ್ಟಿದ್ದ ಕಂಪ್ಯೂಟರಿನ ಕೀಬೋರ್ಡ್ ಎಳೆದುಕೊಂಡು, ಕೋಟೆಯ ಹಿತ್ತಲಿಗೆ ತಲುಪುವ ತನಕ ಟೈಪ್ ಮಾಡಿದಳು. ಅಲ್ಲೊಂದು ಗಾಡಿ ನಿಂತಿತ್ತು.

"ಈ ಚಕ್ರ ನೋಡಿ. ಮೊಟ್ಟೆ ಥರ ಇದೆ. ಮೊಟ್ಟೆ ಚಕ್ರದ ಗಾಡಿ ಯಾರಾದ್ರೂ ಮಾಡ್ತಾರಾ? ಆಗಿನ ಮಾನಿಟರ್‌ನಲ್ಲಿ ಚಿತ್ರ ಮೂಡಿಸೋ ಚುಕ್ಕೆಗಳು ಅಗಲಕ್ಕಿಂತ ಸ್ವಲ್ಪ ಎತ್ತರ ಇರ್ತಿದ್ವು. ಈಗಿನದ್ರಲ್ಲಿ ಚೌಕ. ಅದಕ್ಕೇ ಎಲ್ಲಾ ಕುಗ್ಗಿ ಹೋಗಿದೆ. ನೀವು ಚುಕ್ಕೆ ಮುಟ್ಟಿಲ್ಲ, ನಿಜ. ಆದ್ರೆ ನಾನು ಬರೆದಿದ್ದು ಚುಕ್ಕೆ ಅಲ್ಲ, ಚಕ್ರ."

ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಮೇಲ್ವಿಚಾರಕ ಸೆಟ್ಟಿಂಗ್ ತೆಗೆದು ಚಿತ್ರವನ್ನು ಎತ್ತರಕ್ಕೆ ಹಿಗ್ಗಿಸಿದ. ಚಕ್ರ ದುಂಡಗಾಯಿತು. "ಅಯ್ಯೋ ದೇವರೇ," ಎಂದು ಅವನು ತಲೆಯ ಮೇಲೆ ಕೈ ಇಟ್ಟುಕೊಂಡ.

"ಮೊದಲಿಂದ ರೆಕಾರ್ಡ್ ಮಾಡಿ. ನಾನೇ ಆಡ್ತೀನಿ," ಎಂದಳು.

ಆಡಿದಳು ನೋಡಿ! ಎಲ್ಲೂ ತಡವರಿಸಲಿಲ್ಲ. ಸೆರೆಮನೆಯ ಬಾಗಿಲು ತೆರೆದಾಗ, ನೀಳ ಕುತ್ತಿಗೆಯ ನಾನು ತಲೆಯೆತ್ತಿ ಹೊರಗೆ ಬಂದೆ. ಇಷ್ಟು ಚೆಂದ ಬರೆದಿದ್ದಳಾ ನನ್ನನ್ನು! ಎಲ್ಲರೆದುರೇ ಗಳಗಳ ಅತ್ತುಬಿಟ್ಟೆ.

ಹೊರಡೋಣ ಎಂದು ಅವಳು ಚೀಲ ಎತ್ತಿಕೊಂಡಳು. ಮೇಲ್ವಿಚಾರಕ ಮಾತ್ರ ಗೋಡೆಯ ಕಡೆ ತಿರುಗಿ ನಿಂತಿದ್ದ. ಗೋಡೆ ತುಂಬ ಬೇರೆ ಬೇರೆಯವರು ಮಾಡಿದ ಗೇಮುಗಳು.

"ಮೇಡಂ, ಹಾಗಾದ್ರೆ ಇವೂ...?"

ಮಗಳು ಚೀಲ ಕೆಳಗಿಟ್ಟು, ಒಂದೊಂದರ ಮುಂದೆಯೂ ನಿಂತು ನೋಡಿದಳು. "ಇದು ಸರಿ ಇದೆ. ಇದು ಕುಗ್ಗಿದೆ. ಇದೂ ಅಷ್ಟೇ." ಅವನ್ನು ಬರೆದವರಲ್ಲಿ ಎಷ್ಟೋ ಜನ ಈಗ ಬದುಕಿಲ್ಲವಂತೆ. ಇಲ್ಲಿಗೆ ಬಂದು ಜಗಳ ಆಡಲು ಅವರಿಗೆ ಯಾರೂ ಇಲ್ಲ. ಅವರ ಪರವಾಗಿ ನನ್ನ ಮಗಳು ಜಗಳಕ್ಕೆ ನಿಂತಳು.